ಟೋಪಿ ಹಾಕಿದವಳ ಲೆಕ್ಕದ ಪುಸ್ತಕ

ನಮ್ಮ ಉದ್ಯಾವರದಲ್ಲಿ ಟೋಪಿ ಹಾಕುವುದೆಂದರೆ ಮೋಸ.
ಇಪ್ಪತ್ತೆಂಟು ವರ್ಷ ನಾನು ಅದನ್ನೇ ಮಾಡಿದೆ,
ದುಬೈಯ ಸತ್ವಾದಲ್ಲಿ, ಲಾಂಡ್ರಿಯ ಮೇಲಿನ ಕೋಣೆಯಲ್ಲಿ,
ರಸೀದಿ ಕೊಟ್ಟು.

ಈ ಪುಸ್ತಕದಲ್ಲಿ ಹೆಸರಿಗಿಂತ ತಲೆಗಳೇ ಹೆಚ್ಚು:
ಐವತ್ತಾರು ಸೆಂಟಿಮೀಟರ್, ಬಲಗಿವಿ ತುಸು ಮೇಲೆ.
ಐವತ್ತೆಂಟೂವರೆ, ಬೆವರುತ್ತಾಳೆ, ಒಳಪಟ್ಟಿ ಹತ್ತಿಯದೇ ಇರಲಿ.
ಐವತ್ತೈದು, ಕೂದಲು ಉದುರಿದೆ, ಕೇಳಬಾರದು.

ಮೊದಲ ವರ್ಷ ಮರದ ಅಚ್ಚು ಕೊಳ್ಳಲು ದುಡ್ಡಿರಲಿಲ್ಲ.
ಕುಚ್ಚಲಕ್ಕಿ ಗಂಜಿಯ ಪಾತ್ರೆ ಕವುಚಿ
ಅದರ ಮೇಲೆ ಹುಲ್ಲಿನ ಟೋಪಿಗೆ ಆವಿ ಹಿಡಿದೆ.
ಪಾತ್ರೆಯ ಬದಿಯಲ್ಲೊಂದು ನಗ್ಗು.
ಬ್ಯಾಂಕ್ ಮ್ಯಾನೇಜರನ ಹೆಂಡತಿ, ಮಿಸೆಸ್ ಹಾರ್‌ಗ್ರೀವ್,
ರೇಸಿಗೆ ಹೋದದ್ದು ಆ ನಗ್ಗನ್ನೂ ಹೊತ್ತು.
"ಫ್ರೆಂಚ್ ಕಟ್," ಅಂದೆ. ನಂಬಿದಳು.

ಆಗ ಅಂಚು ಒಂದು ಗೇಣು,
ತೋಳು ಮಣಿಕಟ್ಟಿನವರೆಗೆ, ಲಂಗ ಮೀನಖಂಡದ ಕೆಳಗೆ,
ಬಿಳಿ ಕೈಗವಸು ಮಧ್ಯಾಹ್ನಕ್ಕೇ ಒದ್ದೆ.
ಮರಳುಗಾಳಿ ಎದ್ದರೆ ಎಲ್ಲರ ಕೈಯೂ ತಲೆಯ ಮೇಲೆ,
ಕುದುರೆ ಗೆದ್ದರೂ ಚಪ್ಪಾಳೆಗೆ ಪುರುಸೊತ್ತಿಲ್ಲವಂತೆ.
ಅಂತೆ ಅನ್ನುತ್ತೇನೆ. ನಾನು ಕಂಡವಳಲ್ಲ.

ಆಮೇಲೆ ಟೋಪಿ ಕುಗ್ಗಿತು.
ತಟ್ಟೆ ಬಟ್ಟಲಾಯಿತು, ಬಟ್ಟಲು ಬಿಲ್ಲೆಯಾಯಿತು,
ಕೊನೆಗೆ ಹೇರ್‌ಬ್ಯಾಂಡಿನ ಮೇಲೆ ಮೂರು ಗರಿ.
ತಲೆ ಅಷ್ಟೇ, ದರ ಇಮ್ಮಡಿ.
ತೋಳು ಹೋಯಿತು. ಹಿಮ್ಮಡಿ ಎದ್ದಿತು.
ಕುದುರೆಗೊಂದು ಬಹುಮಾನ, ಉಡುಗೆಗೊಂದು.
ಹುಲ್ಲಿನಲ್ಲಿ ಹೈಹೀಲ್ಸ್ ಹೂತು ನಿಂತವರಿಗೆ
ಪ್ಲಾಸ್ಟಿಕ್ ಬಿಲ್ಲೆ ಮಾರಿ
ಎದುರಂಗಡಿಯ ದಿಲಾವರ್ ಕಾರು ಕೊಂಡ.

ಒಂದು ಮಾರ್ಚಿಯಲ್ಲಿ ಹದಿನಾರು ಟೋಪಿ ಒಯ್ಯಲು ಯಾರೂ ಬರಲಿಲ್ಲ.
ಬ್ಯಾಂಕುಗಳು ಬಿದ್ದಿದ್ದವು.
ಆ ಪುಟದಲ್ಲಿ ಅಳತೆ ಇದೆ, ಸಹಿ ಇಲ್ಲ.

ಆ ವರ್ಷವೇ ಉಮ್ಮ್ ಗಾನಿಮ್ ಮೆಟ್ಟಿಲು ಹತ್ತಿ ಬಂದದ್ದು,
ಏದುಸಿರು, ಕೈಯಲ್ಲಿ ಕಪ್ಪು ಅಬಾಯಾ.
"ತಲೆಗೇನೂ ಬೇಡ, ಶೇಲಾ ಇದೆ.
ಒಳಗೆ ಅಸ್ತರಿ ಹಾಕು, ನಮ್ಮ ಲಾಯದ ಬಣ್ಣ."
ಸಾಸಿವೆ ಹಳದಿ, ಅದರ ಮೇಲೆ ದಾಳಿಂಬೆ ಕೆಂಪು ಪಟ್ಟೆ,
ಅವರ ಜಾಕಿ ತೊಡುವ ಅಂಗಿಯದೇ ಬಟ್ಟೆ.
ನಿಂತರೆ ಬರೀ ಕಪ್ಪು.
ನಡೆದರೆ ಕಾಲ ಬಳಿ ಒಂದಿಷ್ಟು ಹಳದಿ ಕಂಡು ಮಾಯ.
ಮೂರು ಸಲ ನಡೆದು ನೋಡಿದಳು ಆ ಕಿರಿದಾದ ಕೋಣೆಯಲ್ಲಿ,
ಇಸ್ತ್ರಿ ಮೇಜಿಗೆ ತಾಗಿ, ನಗುತ್ತ.

ಹತ್ತು ವರ್ಷದ ಬಳಿಕ ಮೊಮ್ಮಗಳು ಶಮ್ಮಾ
ಅದೇ ಅಬಾಯಾ ತಂದು ಮೇಜಿನ ಮೇಲೆ ಹರಡಿ,
"ಮಗುಚಿ ಹೊಲಿ," ಅಂದಳು. "ಹಳದಿ ಹೊರಗೆ."
ಒಂದು ನಿಮಿಷ ಕತ್ತರಿ ಎತ್ತಲಾಗಲಿಲ್ಲ ನನಗೆ.
"ಅಜ್ಜಿಯನ್ನು ಕೇಳಿದ್ದೀಯಾ?"
"ಅಜ್ಜಿಯೇ ಕಳಿಸಿದ್ದು."

ಹೋದ ಸಲ ವೀಸಾ ಮುಗಿಯುವ ಮುಂಚೆ
ಉಚಿತ ಗೇಟಿನಲ್ಲಿ ನಾನೂ ಹೋದೆ, ಚೂಡಿದಾರದಲ್ಲಿ, ಬರಿದಲೆಯಲ್ಲಿ.
ನನ್ನ ತಲೆಯ ಅಳತೆ ಈ ಪುಸ್ತಕದಲ್ಲೆಲ್ಲೂ ಇಲ್ಲ.
ಕುದುರೆಯೊಂದಕ್ಕೆ ಮುಖವಾಡದ ಬಟ್ಟೆ ತೊಡಿಸಿದ್ದರು,
ಎಡಗಿವಿಯ ತೂತಿನ ಹೊಲಿಗೆ ಸರಿಯಿರಲಿಲ್ಲ.

ಓಟ ಶುರುವಾಗುವಾಗ ಎದುರಿಗೊಬ್ಬಳು ಬಂದು ನಿಂತಳು,
ಮನಿಲಾದ ಹುಡುಗಿಯಿರಬೇಕು,
ಯಾರೋ ಬಿಟ್ಟುಹೋದ ಅಗಲ ಟೋಪಿ, ಬಣ್ಣ ಮಾಸಿದ ಹುಲ್ಲು,
ಬದಿಯಲ್ಲೊಂದು ನಗ್ಗು.
ನನ್ನ ಗಂಜಿ ಪಾತ್ರೆ!

ಆ ಅಂಚಿನಾಚೆ ಕುದುರೆಗಳು ಹಾದುಹೋದ ಸದ್ದು ಬಂತು,
ಜನ ಕೂಗಿದರು.
ಗೆದ್ದದ್ದು ಯಾವುದೋ,
ನಾನು ಬಗ್ಗಿ ನೋಡುತ್ತಿದ್ದೆ
ಒಳಪಟ್ಟಿ ಎಲ್ಲಾದರೂ ಬಿಚ್ಚಿದೆಯೇ ಎಂದು.