ಕಂಚಿನ ಬಳೆ

ಶೆಫಿಕಾ ಕಾರು ನಿಲ್ಲಿಸುವುದು ಇಳಿಜಾರಿನಲ್ಲೇ.
ಗೊರಾಜ್ದೆಯಲ್ಲಿ ಅದಕ್ಕೇನು ಬರ?
ಊರಿಗೆ ಊರೇ ದ್ರಿನಾ ನದಿಯ ಕಡೆಗೆ ಜಾರುತ್ತ ಕೂತಿದೆ.
ಬ್ರೇಕು ಬಿಟ್ಟು, ಎರಡನೇ ಗೇರು, ಒಂದು ಕುಲುಕು,
ಸ್ಟಾರ್ಟರಿನ ಹಂಗಿಲ್ಲದೆ ಹೊರಡುತ್ತದೆ
ಹಾಲಿನ ಕ್ಯಾನು ಹೊತ್ತ ಎಂಬತ್ತೊಂಬತ್ತರ ಗಾಲ್ಫ್.

ನಮ್ಮ ಶೆಡ್ಡಿನ ಮುಂದೆ ಮಾತ್ರ ಸಪಾಟು ನೆಲ.
ಕೀಲಿ ತಿರುಗಿಸಿದಳು:
ಗರ್ರ್ ಗಡಕ್ ಕಿರ್ರ್ರ್
ಬೀಸುಕಲ್ಲಿಗೆ ಚಮಚ ಸಿಕ್ಕಿದ ಹಾಗೆ.
ಎದುರಿನ ಬ್ರೆಡ್ಡಿನಂಗಡಿಯ ಬೆಕ್ಕು ಎದ್ದು ಹೋಯಿತು.

"ಕೇಳಿಸಿತಾ?" ಎಂದಳು.
ಕೇಳಿದ್ದು ಯಾರನ್ನು, ಝುಹ್ದಿಯಾನನ್ನು!
ಅವನಿಗೆ ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ಹಬ್ಬಕ್ಕೊಮ್ಮೆ.

ಮುದುಕ ಉತ್ತರ ಕೊಡಲಿಲ್ಲ.
ಮೊಳದುದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಸ್ಟಾರ್ಟರಿನ ಮೈಗೆ ಒತ್ತಿ
ಬೆರಳೆತ್ತಿದ: ಹೊಡಿ.
ದವಡೆಯಲ್ಲಿ ಕೇಳುತ್ತಾನೆ ಅವನು,
ತಲೆಬುರುಡೆಯೇ ಅವನ ಕಿವಿ.
ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಕಚ್ಚಿ ನೋಡಿದ್ದೆ;
ಕೇಳಿದ್ದು ನನ್ನದೇ ಹುಳುಕು ಹಲ್ಲು.

ಟಕ್ ಟಕ್ ಅಂದು ಸುಮ್ಮನಾದರೆ ಬ್ಯಾಟರಿಗೆ ಹಸಿವು.
ಸುಯ್ಯೆಂದು ತಾನೊಂದೇ ತಿರುಗಿ ಎಂಜಿನ್ನು ಕದಲದಿದ್ದರೆ
ಪಿನಿಯನ್ನು ಕೈಕೊಟ್ಟಿದೆ.
ಇದು ಅದಲ್ಲ. ಇದು ಹಲ್ಲಿಗೆ ಹಲ್ಲು ಓರೆಯಾಗಿ ಬೀಳುವ ಸದ್ದು,
ಮಾತು ಬಿಟ್ಟ ಅಣ್ಣತಮ್ಮಂದಿರನ್ನು
ಒಂದೇ ತಟ್ಟೆಗೆ ಕೂರಿಸಿದ ಹಾಗೆ.

"ಸ್ಟಾರ್ಟರು ಹೊಸದು," ಎಂದಳು ಶೆಫಿಕಾ,
"ಹಾಶಿಮ್ ಸಾಯುವ ಮುಂಚೆ ಹಾಕಿಸಿದ್ದು.
ಅದಕ್ಕೂ ಮುಂಚೆ ಇನ್ನೊಂದು ಹಾಕಿಸಿದ್ದ.
ಎರಡಕ್ಕೂ ಬೈದಿದ್ದ, ಅವುಗಳ ಅಮ್ಮಂದಿರ ತನಕ."

ನೆಗೆಟಿವ್ ಮೊದಲು ಬಿಚ್ಚು, ಅಂದ. ಬಿಚ್ಚಿದೆ.
ಮಾರ್ಚಿ ತಿಂಗಳ ನೆಲ, ಬೆನ್ನಡಿಗೆ ರಟ್ಟು.
ಬೋಲ್ಟು ಮೂರು. ಎರಡು ಹೇಳಿದ ಮಾತು ಕೇಳಿದವು,
ಮೂರನೆಯದು ನನ್ನ ಗೆಣ್ಣಿನ ಚರ್ಮ ಕೇಳಿತು.
ಕೂಸಿನಷ್ಟು ಭಾರದ ಸ್ಟಾರ್ಟರನ್ನು
ಎದೆಯ ಮೇಲೆ ಇಳಿಸಿಕೊಂಡೆ.

ವೈಸಿನಲ್ಲಿ ಬಿಗಿದು ಎರಡು ವಯರು ತಾಗಿಸಿದರೆ
ಗುಂಯ್ ಅಂದಿತು, ಅಷ್ಟೆ, ಜೇನಿನ ಹಾಗೆ.
ಝುಹ್ದಿಯಾ ಅತ್ತ ನೋಡಲೂ ಇಲ್ಲ.
ಖಾಲಿ ತೂತಿನೊಳಗೆ ಕಿರುಬೆರಳು ಹಾಕಿ
ಕತ್ತಲಲ್ಲಿ ಏನನ್ನೋ ತಡವುತ್ತಿದ್ದ.

ಗೇರ್‌ಬಾಕ್ಸಿನ ಗೋಡೆಯಲ್ಲಿ
ಶಾಫ್ಟಿನ ತುದಿ ಹೋಗಿ ಕೂರುವಲ್ಲಿ ಒಂದು ಬುಶ್ಶು.
ಕಂಚಿನದು, ಗೊಂಬೆಯ ಬಳೆಯಷ್ಟು.
ಸ್ಟಾರ್ಟರಿನ ಜತೆ ಬರುವುದಿಲ್ಲ ಅದು,
ಸ್ಟಾರ್ಟರಿನ ಜತೆ ಹೋಗುವುದೂ ಇಲ್ಲ.
ಯಾವ ಬಿಲ್ಲಿನಲ್ಲೂ ಹೆಸರಿಲ್ಲ.
ಮೂವತ್ತು ಚಿಲ್ಲರೆ ವರ್ಷ ಅಲ್ಲೇ ಕೂತು
ಸವೆದು ಸವೆದು ಮೊಟ್ಟೆಯಾಕಾರವಾಗಿತ್ತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ;
ಈ ಎಮ್ಮೆ ಸರಿಯಿಲ್ಲವೆಂದು ಇನ್ನೊಂದು ತಂದು
ಅದಕ್ಕೂ ಬರೆ.

ಹೊಸ ಬುಶ್ಶಿಗೆ ಎರಡು ಮಾರ್ಕು.
ಕಾಫಿ ಬಟ್ಟಲಿನ ಎಣ್ಣೆಯಲ್ಲಿ ನೆನೆಹಾಕಿದ,
ಅಕ್ಕಿ ನೆನೆಯುವಷ್ಟು ಹೊತ್ತು.
ನಾನು ಗಡಿಯಾರ ನೋಡಿದ್ದಕ್ಕೆ ಹೇಳಿದ:
"ಕುಡಿಯಲಿ.
ಒಳಗೆ ಹೋದ ಮೇಲೆ ಅದಕ್ಕೆ ಯಾರೂ ಕೊಡುವುದಿಲ್ಲ."

ಸಂಜೆ ಕೀಲಿ ತಿರುಗಿಸಿದಳು. ಹುಂ ಅಂದಿತು.
ಆರಿಸಿ ಮತ್ತೆ ತಿರುಗಿಸಿದಳು. ಹುಂ.
ಬೆಕ್ಕು ಕಿವಿ ಮಾತ್ರ ಅಲ್ಲಾಡಿಸಿತು.

ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದಳು ಶೆಫಿಕಾ.
"ಹಾಗಾದರೆ ಮೊದಲನೆಯದರ ತಪ್ಪೂ ಇರಲಿಲ್ಲವೇನೋ?"
ಝುಹ್ದಿಯಾ ಕೈ ಒರೆಸಿಕೊಳ್ಳುತ್ತಿದ್ದ,
ಅವತ್ತು ಹಬ್ಬವಿರಲಿಲ್ಲ.
"ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಇಟ್ಟಿದ್ದೇನೆ ಅದನ್ನು,"
ಎಂದಳು ನನಗೆ,
"ದಿನಾ ಒದ್ದು ಸರಿಸುತ್ತೇನೆ."

ಮರುವಾರ ಸಂತೆಯಲ್ಲಿ ಕಂಡೆ ಗಾಲ್ಫನ್ನು.
ಹಳೆಯ ಇಳಿಜಾರಿನಲ್ಲೇ ನಿಲ್ಲಿಸಿದ್ದಳು, ಮೂಗು ನದಿಯ ಕಡೆಗೆ.
ಜಾರದಿರಲೆಂದು ಮುಂದಿನ ಚಕ್ರಕ್ಕೆ ಒತ್ತು ಕೊಟ್ಟು,
ತುಕ್ಕು ಉಜ್ಜಿ, ಒರೆಸಿ ಇಟ್ಟಿದ್ದಳು
ಆ ಸ್ಟಾರ್ಟರನ್ನು.