ಹಾಲ್ಗಡಲು

ಮತ್ತಿಕೆರೆ, ಮೂರನೇ ಕ್ರಾಸು, ಮೊದಲ ಮಹಡಿ.
ಭಾನುವಾರ ಬೆಳಿಗ್ಗೆ ನಾನು ಕಡಲು ಕಲಸುತ್ತೇನೆ:
ನೀಲಿ ಡ್ರಮ್ಮಿನಲ್ಲಿ ಆರ್‌ಓ ನೀರು, ಅಳೆದಳೆದು ಉಪ್ಪು,
ಹುಟ್ಟಿನಂತೆ ಹಳೆಯ ಮುದ್ದೆ ಕೋಲು.
ಮೇಲಿನ ರೂಮಿನವರು ಬ್ರಷ್ ಕಚ್ಚಿಕೊಂಡು ಕೇಳುತ್ತಾರೆ,
'ಆಂಟಿ, ಅಲೆ ಎಷ್ಟು ಗಂಟೆಗೆ?'
ತೊಟ್ಟಿ ಇರುವುದು ಹಾಲಿನಲ್ಲಿ, ಟೀವಿ ಇದ್ದ ಜಾಗದಲ್ಲಿ.
ಅದಕ್ಕೇ ಹಾಲ್ಗಡಲು. ಹೆಸರು ಅವರದೇ.

ಬಾಡಿಗೆಯ ಬದಲಿಗೆ ಬಂದದ್ದು ಅದು.
ರೇಷ್ಮಾ ಕುಂದರ್, ಮಲ್ಪೆಯವಳು, ಎರಡು ತಿಂಗಳ ಬಾಕಿ.
'ಹಿಡಿಯುವುದು ಊರಲ್ಲೇ ಗೊತ್ತಿತ್ತು,
ಸಾಕುವುದು ಇಲ್ಲಿ ಬಂದು ಕಲಿತೆ' ಅಂದು
ಆಟೋ ಹತ್ತಿದಳು. ಒಳಗೆ ಕಲ್ಲು, ಮರಳು,
ಗೊಣಗುವ ಎರಡು ಪಂಪು, ಒಂದು ಬಸವನಹುಳು.

ನಾನು ಮೊದಲು ತಂದದ್ದು ಆರು ಗೆರೆಯವನನ್ನು.
ಶಿವಾಜಿನಗರದ ಮುನೀರ್ ಸಾಬರು ಹೇಳಿದರು,
'ರಾಸ್ ಜಾತಿ ಅಮ್ಮಾ, ಗಟ್ಟಿ ಜೀವ, ಸಾಯಲ್ಲ.'
ನಿಜ. ಅವನು ಸಾಯಲಿಲ್ಲ.
ಆಮೇಲೆ ಬಂದ ಅಪ್ಸರೆಯ ಬಾಲ
ಮೂರು ದಿನದಲ್ಲಿ ಜಾಲರಿಯಾಯಿತು.
ನಾಲ್ಕನೆಯ ರಾತ್ರಿ ಅವಳು ನೀರು ಬಿಟ್ಟು ಹಾರಿದಳು.
ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಕೆಳಗೆ,
ಒಣಗಿದ ಮೆಣಸಿನಕಾಯಿಯ ಹಾಗೆ,
ಸುತ್ತ ಇರುವೆ.

ತಪ್ಪು ನನ್ನದೇ. ಹದಿನೆಂಟು ವರ್ಷ ಪೀಜಿ ನಡೆಸಿದವಳಿಗೆ
ತಿಳಿದಿರಬೇಕಿತ್ತು: ಕಿಟಕಿ ಪಕ್ಕದ ಮಂಚ
ಮೊದಲು ಬಂದವಳದು. ಆಮೇಲೆ ಬಂದವಳು
ಫ್ಯಾನು ಹಾಕಲಿಕ್ಕೂ ಅವಳ ಮುಖ ನೋಡಬೇಕು.

ಕಲ್ಲೆಲ್ಲ ಕೆಡವಿ, ಅರ್ಧ ನೀರು ಬಸಿದು,
ಒದ್ದೆ ನೈಟಿಯಲ್ಲಿ ಒಂದು ಮಧ್ಯಾಹ್ನವಿಡೀ ಬೆನ್ನಟ್ಟಿ
ಗೆರೆಯವನನ್ನು ಬೇರೆ ಟಬ್ಬಿಗೆ ಹಾಕಿದೆ.
ಕಲ್ಲುಗಳನ್ನು ಹೊಸದಾಗಿ ಜೋಡಿಸಿದೆ,
ಅವನಿಗೂ ವಿಳಾಸ ಮರೆಯಲಿ ಅಂತ.
ಝೋಯಾ ಸೊಳ್ಳೆಪರದೆ ಕತ್ತರಿಸಿ ಮುಚ್ಚಳ ಹೊಲಿದುಕೊಟ್ಟಳು.

ಈ ಸಲ ಮೊದಲು ಅಂಜುಬುರುಕಿ, ಚಿರತೆ ಚುಕ್ಕೆಯವಳು.
ಬಂದವಳೇ ಮರಳಿಗೆ ಇಳಿದಳು.
ಒಂಬತ್ತು ದಿನ ಖಾಲಿ ತೊಟ್ಟಿಗೆ ಊಟ ಹಾಕಿದೆ.
ಹತ್ತನೆಯ ದಿನ ಮರಳಿನಿಂದ ಒಂದು ಕಣ್ಣು.
ಆಮೇಲೆ ಕಿತ್ತಳೆ ಬಣ್ಣದ ಇಬ್ಬರು ಅಪ್ಸರೆಯರು,
ಮೂರು ದಿನ ತೂತಿನ ಗಾಜು ಡಬ್ಬಿಯಲ್ಲಿ,
ನೀರು ಒಂದೇ, ಮುಟ್ಟುವ ಹಾಗಿಲ್ಲ.
ಕೊನೆಗೆ ಅವನು. ಅವನಿಗೂ ಡಬ್ಬಿ, ಐದು ದಿನ.
ಹೊರಗಿನಿಂದ ನನ್ನ ಪೌಡರ್ ಡಬ್ಬಿಯ ಕನ್ನಡಿ ಅಂಟಿಸಿದೆ.
ಹಗಲೆಲ್ಲ ತನ್ನ ಜೊತೆ ತಾನೇ ಕಾದಾಡಿ
ಸಂಜೆಗೆ ಸುಸ್ತಾಗಿ ಕಲ್ಲಿಗೊರಗುತ್ತಿದ್ದ.
ಕನ್ನಡಿ ತೆಗೆದ ಮೇಲೂ ಆ ಮೂಲೆಗೆ ದಿನಕ್ಕೊಮ್ಮೆ ಹೋಗಿ ಬರುತ್ತಾನೆ.

ಪ್ರೀತಿ ಗೀತಿ ಏನಿಲ್ಲ.
ಊಟಕ್ಕೆ ಮೂರು ಹೊತ್ತು, ಸ್ವಲ್ಪ ಸ್ವಲ್ಪ, ಎರಡು ಕಡೆ.
ಹೊಟ್ಟೆ ತುಂಬಿದ್ದರೆ ಗುರಾಯಿಸಿ ಬಿಡುತ್ತಾನೆ, ಅಷ್ಟೆ.

ಯುಗಾದಿಯ ಹೊತ್ತಿಗೆ ದೊಡ್ಡ ಅಪ್ಸರೆಯ ಬೆನ್ನಿಗೆ
ನೇರಳೆ ಏರಿತು. ರೆಕ್ಕೆ ಉದ್ದವಾಯಿತು.
ಗಂಡಾಗುತ್ತಿದ್ದಾಳೆ, ಅಂದರೆ ಆಗುತ್ತಿದ್ದಾನೆ,
ಚಿಕ್ಕವಳ ಮುಂದೆ ಬಣ್ಣ ಬಿಚ್ಚಿ ಬಿಚ್ಚಿ ತೋರಿಸುತ್ತಾನೆ.
ಗೇಟಿನ ಬೋರ್ಡಿನಲ್ಲಿ ಇನ್ನೂ 'ಮಹಿಳೆಯರಿಗೆ ಮಾತ್ರ'.
ಯಾರೂ ದೂರು ಕೊಟ್ಟಿಲ್ಲ.

ಹತ್ತಕ್ಕೆ ದೀಪ ಆರಿಸುತ್ತೇನೆ.
ನೈಟ್ ಶಿಫ್ಟ್ ಮುಗಿಸಿದವಳು ಚಪ್ಪಲಿ ಕೈಯಲ್ಲಿ ಹಿಡಿದು
ತೊಟ್ಟಿಯ ಮುಂದೆ ಒಂದು ನಿಮಿಷ ನಿಂತು ಹೋಗುತ್ತಾಳೆ.
ಕರೆಂಟು ಹೋದರೆ ನಾನು ಎದ್ದು ಕೂರುತ್ತೇನೆ,
ಯುಪಿಎಸ್ ಕಿರುಗುಟ್ಟುವವರೆಗೆ ಉಸಿರು ಬಿಗಿಹಿಡಿದು.
ಆಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಎಣಿಸುತ್ತೇನೆ:
ಅಪ್ಸರೆಯರಿಬ್ಬರೂ ತಮ್ಮದೇ ಲೋಳೆಯ ಪರದೆ ಹೊದ್ದು,
ಗೆರೆಯವನು ಬಿರುಕಿನಲ್ಲಿ, ನಿದ್ದೆಯಲ್ಲೂ ಬಾಗಿಲಿಗೆ ಮುಖ ಮಾಡಿ.
ಮೂರು.
ನಾಲ್ಕನೆಯವಳು ಮರಳಿನೊಳಗೆ ಎಲ್ಲೋ.
ಎಣಿಕೆಗೆ ಸಿಗುವುದಿಲ್ಲ ಅವಳು.
ಇದ್ದಾಳೆ ಅಂತ ಬರೆದುಕೊಂಡು ಮಲಗುತ್ತೇನೆ.