ಗುಂಡಿಯಷ್ಟಗಲ

ತನ್ನ ಅಂಗಿಯಿಂದ ಕಿತ್ತುಬಂದ ಗುಂಡಿಯನ್ನು
ಒರ್ಫೀಲಿಯಾ ಅದರ ಪಕ್ಕ ಇಟ್ಟಳು.
ಎರಡೂ ಒಂದೇ ಅಗಲ.
"ನೋಡಿ, ಇಷ್ಟೇ ಇವಳು."

ತಕ್ವಾರೆಂಬೋ ಸೀಮೆಯ ಗುಡ್ಡ, ನವೆಂಬರಿನ ಬಿಸಿಲು,
ಬಂಡೆಯ ಮೇಲೆ ಒಂದು ಬೆರಳು ಮಣ್ಣು.
ಬೋರಲು ಮಲಗಿದೆ ಇಡೀ ಶಾಲೆ, ಅಂದರೆ ಮೂರು ಮಕ್ಕಳು,
ಬಿಳಿ ನಿಲುವಂಗಿಗೆ ಕುರಿಹಿಕ್ಕೆ ಮೆತ್ತಿಕೊಂಡು,
ಕೊರಳ ನೀಲಿ ಬೋ ಹುಲ್ಲಿಗೆ ಸಿಕ್ಕಿಸಿಕೊಂಡು.
ಇವಳು ಅಡುಗೆಯವಳು. ಮೇಷ್ಟರಿಗೆ ಜ್ವರ.

ಕಳ್ಳಿ; ಹೆಸರಿಗೆ ತಕ್ಕ ಕಳ್ಳಿ.
ಮಳೆ ತಪ್ಪಿದರೆ ನೆಲದೊಳಕ್ಕೆ ತನ್ನನ್ನೇ ಎಳೆದುಕೊಂಡು
ಬೆಣಚುಕಲ್ಲಿನ ವೇಷ ಹಾಕುತ್ತಾಳೆ,
ಕುರಿಯ ಗೊರಸು ತಲೆಯ ಮೇಲೇ ನಡೆದುಹೋಗುತ್ತದೆ.
ಮುಳ್ಳೋ, ಲೆಕ್ಕಕ್ಕುಂಟು ಆಟಕ್ಕಿಲ್ಲ:
ಮೈಗಂಟಿದ್ದು, ಎಳೆಮಗುವಿನ ಹುಬ್ಬಿನ ಹಾಗೆ.
ಹೂವು ಮಾತ್ರ ಗಂಧಕದ ಹಳದಿ,
ಅರಳಿದರೆ ಒಡತಿಗಿಂತ ದೊಡ್ಡದು.

ಅರಳಿದರೆ.

ಧಗೆ ನೆತ್ತಿಗೇರಬೇಕು, ಒಂದು ಎಳೆ ಮೋಡವೂ ಇರಬಾರದು,
ಮಧ್ಯಾಹ್ನ ಎರಡರಿಂದ ನಾಲ್ಕು, ಅದೂ ಮನಸ್ಸು ಬಂದರೆ.
ಹನ್ನೊಂದು ವರ್ಷದಲ್ಲಿ ಒರ್ಫೀಲಿಯಾ ಕಂಡದ್ದು ಎರಡೇ ಸಲ;
ಅದರಲ್ಲೊಂದು, ಚಪ್ಪಲಿಯ ಬಾರು ಹರಿದು
ಬೈಯುತ್ತ ಇಲ್ಲಿ ಕುಕ್ಕರಿಸಿದ್ದರಿಂದ.

ಮೂರು ಗಂಟೆ. ಬ್ರೆಜಿಲ್ ಕಡೆಯಿಂದ
ಯಾರೋ ಒಗೆದು ಹರವಿದ ಹಾಗೆ ಒಂದು ಮೋಡ.
ಉಣ್ಣೆ ಹೊದ್ದ ಮೊಗ್ಗು ಹೊದ್ದೇ ಉಳಿಯಿತು.
ಜೇನ್ನೊಣವೊಂದು ಬಂದು, ಎರಡು ಸುತ್ತು ಹಾಕಿ,
ಬಾಗಿಲು ತಟ್ಟದೆ ಹೋಯಿತು.

"ಹೂವು ನೋಡಲಿಲ್ಲ ಅಂತ ಬರೆಯಲಾ?" ನಹೀರ್ ಕೇಳಿದಳು.
ಒರ್ಫೀಲಿಯಾ ಸೋರೆಬುರುಡೆಯಿಂದ ಕಹಿ ಮಾಟೆ ಹೀರಿ
ಪಕ್ಕದ ಗಿಡದ ಒಣಮೊಗ್ಗನ್ನು ಉಗುರಿನಿಂದ ಬಿಡಿಸಿದಳು.
ಎಂದೂ ಬಾಯಿ ಬಿಡದ ಆ ಪೊಟ್ಟಣದೊಳಗೆ
ಕಂದು ಬೀಜ, ಟೋಪಿಯಂಥವು, ಹೊಳೆಯುವವು, ಬೇಕಾದಷ್ಟು.
"ದುಂಬಿಯ ಹಂಗಿಲ್ಲ ಇವಳಿಗೆ. ಒಳಗೊಳಗೇ ಮುಗಿಸಿಬಿಡುತ್ತಾಳೆ."

"ಹಾಗಾದರೆ ಹೂವು ಯಾಕೆ ಬೇಕು?"
ಯಮಾಂದು. ಏಳು ವರ್ಷ.

ಒರ್ಫೀಲಿಯಾ ಗುಂಡಿ ಹುಡುಕತೊಡಗಿದಳು.
ಕಲ್ಲು ಯಾವುದು, ಕಳ್ಳಿ ಯಾವುದು, ಗುಂಡಿ ಯಾವುದು,
ಮೂವರು ತಡಕಿದರೂ ಸಿಗಲಿಲ್ಲ.
ಅಷ್ಟರಲ್ಲಿ ಮೂರನೆಯವ, ಡೀಬರ್,
ಬಂಡೆಕುಳಿಯ ನೀರಿಗೆ ಒಂದು ಬೀಜ ಬಿಟ್ಟಿದ್ದ.
ಮುಳುಗಲಿಲ್ಲ ಅದು. ದೋಣಿಯ ಹಾಗೆ
ಓಲಾಡಿಕೊಂಡು ಆಚೆ ದಡಕ್ಕೆ ಹೋಯಿತು,
ಒಂದು ಗೇಣು ದೂರದ ಆಚೆ ದಡ.

ಇಳಿಯುವಾಗ ಅವಳ ಅಂಗಿ ತೆರೆದಿತ್ತು
ಒಂದು ಗುಂಡಿಯಷ್ಟು.
ನಾಲ್ಕೂ ಹತ್ತಕ್ಕೆ ಮೋಡ ಸರಿದು
ಬೆನ್ನ ಹಿಂದೆ ಇಡೀ ಗುಡ್ಡ ಕಾದ ಹಂಚು.
ಯಮಾಂದು ತಿರುಗಿ ನಿಂತ.
"ಒಲೆ ಹಚ್ಚಬೇಕು, ನಡಿ" ಅಂದಳು ಒರ್ಫೀಲಿಯಾ,
ತಾನೂ ನಿಂತು.